ಮಳೆಯ ಊರಿನಲ್ಲಿ ಜಪಾನಿನ ಹಳೆ ಕತ್ತಿ, ಕವಚ: ಹೊಸದಾಗಿ ಶುರುಮಾಡುವವರಿಗೆ

ನಮ್ಮ ಕಡೆ, ಮಂಜೇಶ್ವರದಿಂದ ಕಾಸರಗೋಡಿನವರೆಗೆ, ಹಳೆ ಕತ್ತಿ ಕಂಡರೆ ಮೊದಲು ಮನಸ್ಸಿಗೆ ಬರುವುದು ಅದನ್ನು ಬೆಳಗುವುದು. ನೇಮಕ್ಕೆ ಮೊದಲು ದೈವದ ಕಡ್ಸಲೆಯನ್ನು ತಿಕ್ಕಿ ಹೊಳೆಯುವ ಹಾಗೆ ಮಾಡುತ್ತಾರೆ. ಆಯುಧಪೂಜೆಗೆ ಕತ್ತಿ, ಕೊಡಲಿ, ಹಾರೆ ಎಲ್ಲ ತೊಳೆದು ಕುಂಕುಮ ಇಡುತ್ತೇವೆ. ಅವು ವರ್ಷ ವರ್ಷವೂ ಬಳಕೆಗೆ ಬರುವ ವಸ್ತುಗಳು, ಅವಕ್ಕೆ ಅದು ಸರಿ. ಜಪಾನಿನ ಹಳೆ ಕತ್ತಿಗೆ ಇದೇ ಉಪಚಾರ ಮಾಡಿದರೆ ಮುನ್ನೂರು ನಾನೂರು ವರ್ಷ ಉಳಿದು ಬಂದದ್ದು ಒಂದೇ ಮಧ್ಯಾಹ್ನದಲ್ಲಿ ಹೋಗುತ್ತದೆ. ಆಮೇಲೆ ಯಾರಿಂದಲೂ ಸರಿಮಾಡಲು ಆಗುವುದಿಲ್ಲ.

ಹಾಗಾಗಿ ಹೊಸಬರಿಗೆ ನಾನು ಮೊದಲು ಹೇಳುವುದು ಇಷ್ಟೇ: ಹೊಳಪು ತರಲು ಹೋಗಬೇಡಿ, ಈಗ ಹೇಗಿದೆಯೋ ಅದಕ್ಕಿಂತ ಹಾಳಾಗದ ಹಾಗೆ ನೋಡಿಕೊಳ್ಳಿ. ಕೇಳಲು ಸುಲಭ. ಆದರೆ ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಪಕ್ಕದಲ್ಲೇ ಕಡಲು, ಗಾಳಿಯಲ್ಲಿ ಉಪ್ಪು. ಕತ್ತಿಯ ಆರೈಕೆ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಊರಿನವರು ಬರೆದದ್ದು. ಅದನ್ನು ಹಾಗೆಯೇ ಇಲ್ಲಿ ಪಾಲಿಸಿದರೆ ಆಟಿ ತಿಂಗಳು ಮುಗಿಯುವ ಮೊದಲೇ ಅಲಗಿನ ಮೇಲೆ ಕೆಂಪು ಚುಕ್ಕೆ ಕಾಣಿಸುತ್ತದೆ.

ಮೊದಲು ತ್ಸುಬಾ ಕೊಳ್ಳಿ

ಎಲ್ಲರಿಗೂ ಮೊದಲೇ ಉದ್ದ ಕತ್ತಿ ಬೇಕು ಅನಿಸುತ್ತದೆ. ಸ್ವಲ್ಪ ತಡೆಯಿರಿ. ಅಲಗಿಗೂ ಹಿಡಿಗೂ ನಡುವೆ ಒಂದು ಲೋಹದ ಬಿಲ್ಲೆ ಇರುತ್ತದಲ್ವಾ, ಅದೇ ತ್ಸುಬಾ. ಏಳೆಂಟು ಸೆಂಟಿಮೀಟರ್ ಅಗಲ, ಅಂಗೈಯಲ್ಲಿ ಕೂರುತ್ತದೆ. ಅದು ಆಯುಧ ಅಲ್ಲ. ಬೆಲೆಯೂ ಕತ್ತಿಯಷ್ಟು ಇರುವುದಿಲ್ಲ. 1876ರಲ್ಲಿ ಮೇಜಿ ಸರ್ಕಾರ, ಅಂದರೆ ಸಮುರಾಯ್ ಆಳ್ವಿಕೆ ಮುಗಿದ ಮೇಲೆ ಜಪಾನಿನಲ್ಲಿ ಬಂದ ಚಕ್ರವರ್ತಿಯ ಸರ್ಕಾರ, ಸಾರ್ವಜನಿಕವಾಗಿ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಷೇಧಿಸಿತು. ಆಮೇಲೆ ಕತ್ತಿಯಿಂದ ಬಿಚ್ಚಿದ ಇಂಥ ಭಾಗಗಳು ರಾಶಿ ರಾಶಿಯಾಗಿ ಹೊರದೇಶಗಳಿಗೆ ಹೋದವು, ಹಾಗಾಗಿ ಇವತ್ತಿಗೂ ಒಳ್ಳೆಯದು ಸಿಗುತ್ತದೆ.

ಇದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಹಳೆ ಲೋಹದ ಮೇಲ್ಮೈಯನ್ನು ನೋಡುವುದು ಹೇಗೆ ಅಂತ ತ್ಸುಬಾ ಕಲಿಸುತ್ತದೆ. ಕಬ್ಬಿಣದ ತ್ಸುಬಾ ಆದರೆ ಅದರ ಕಪ್ಪು ಕಂದು ಬಣ್ಣವೇ ಅದರ ಜೀವ. ಶಾಕುದೋ ಅನ್ನುವ ಇನ್ನೊಂದು ಲೋಹ ಇದೆ, ತಾಮ್ರಕ್ಕೆ ಸ್ವಲ್ಪ ಚಿನ್ನ ಸೇರಿಸಿ ಮಾಡಿದ್ದು, ನೀಲಿ ಮಿಶ್ರಿತ ಕಡುಕಪ್ಪು. ಶಿಬುಇಚಿಯಲ್ಲಿ ತಾಮ್ರಕ್ಕೆ ಬೆಳ್ಳಿ ಸೇರಿರುತ್ತದೆ, ಬೂದು ಬಣ್ಣ. ಈ ಬಣ್ಣಗಳೆಲ್ಲ ಮೇಲಿನ ತೆಳು ಪದರದಲ್ಲಿ ಮಾತ್ರ ಇರುತ್ತವೆ. ಪೀತಾಂಬರಿ ಪುಡಿಯೋ ಬ್ರಾಸೋ ಹಾಕಿ ಒಮ್ಮೆ ಉಜ್ಜಿದರೆ ಸಾಕು, ಒಳಗಿನ ತಾಮ್ರ ಕೆಂಪಗೆ ಹೊರಗೆ ಬರುತ್ತದೆ. ಮನೆಯಲ್ಲಿ ದೀಪ ಬೆಳಗುವವರಿಗೆ ಇದನ್ನು ಮೊದಲೇ ಹೇಳಿಟ್ಟಿರಿ.

ಕಬ್ಬಿಣದ ತ್ಸುಬಾದಲ್ಲಿ ಪುಡಿಪುಡಿ ಕೆಂಪು ತುಕ್ಕು ಇದ್ದರೆ ಅಷ್ಟು ಜಾಗವನ್ನು ಮಾತ್ರ ಎಮ್ಮೆ ಕೊಂಬಿನ ಚೂರಿನಿಂದ, ಒಂದು ಹನಿ ಎಣ್ಣೆ ಹಾಕಿ, ಮೆಲ್ಲಗೆ ಉಜ್ಜಿ. ಆಮೇಲೆ ಹತ್ತಿ ಬಟ್ಟೆಯಿಂದ ಒರೆಸಿ. ಇದು ವಾರಗಟ್ಟಲೆ ಹಿಡಿಯುವ ಕೆಲಸ, ಅವಸರ ಮಾಡಬೇಡಿ. ಜಪಾನಿನವರು ಜಿಂಕೆ ಕೊಂಬು ಬಳಸುತ್ತಾರೆ ಅಂತ ಎಲ್ಲ ಕಡೆ ಓದಲು ಸಿಗುತ್ತದೆ. ನಮ್ಮಲ್ಲಿ ವನ್ಯಜೀವಿ ಕಾಯ್ದೆ ಇದೆ, ಅದರ ತಂಟೆಗೆ ಹೋಗಬೇಡಿ. ತುಕ್ಕು ತೆಗೆಯುವ ಆಸಿಡ್, ಉಪ್ಪು ಕಾಗದ, ಸ್ಟೀಲ್ ಉಣ್ಣೆ ಯಾವುದೂ ಬೇಡ.

ಕಾಯ್ದೆ

ಇದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 1959ರ ಆಯುಧ ಕಾಯ್ದೆ ಮತ್ತು 2016ರ ನಿಯಮಗಳ ಪಟ್ಟಿಯಲ್ಲಿ ಕತ್ತಿಯೂ ಇದೆ. ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು, ಅದು ಮನೆ ಕೆಲಸಕ್ಕೋ ತೋಟಕ್ಕೋ ಮಾಡಿದ್ದಲ್ಲದಿದ್ದರೆ, ಆ ಪಟ್ಟಿಯೊಳಗೆ ಬರುತ್ತದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗಗಳಲ್ಲಿ ಅದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಹೊರದೇಶದಿಂದ ತರಿಸುವುದಕ್ಕೂ ಅದೇ ಕಾಯ್ದೆಯಲ್ಲಿ ಬೇರೆ ನಿಯಮ ಇದೆ. ನೀವು ಕಾಸರಗೋಡು ಜಿಲ್ಲೆಯವರಾದರೆ ವಿದ್ಯಾನಗರದ ಕಲೆಕ್ಟರೇಟಿಗೆ ಒಂದು ಅರ್ಜಿ ಕೊಟ್ಟು, ಇಂಥ ಹಳೆ ಕತ್ತಿ ಸಂಗ್ರಹಕ್ಕೆ ಇಟ್ಟುಕೊಳ್ಳಬೇಕು, ಏನು ಬೇಕು ಅಂತ ಕೇಳಿ. ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ದುಡ್ಡು ಕಳಿಸಿದ ಮೇಲೆ ಕೇಳುವುದಲ್ಲ, ಮೊದಲೇ ಕೇಳಬೇಕು. ಗಡಿ ದಾಟಿ ಮಂಗಳೂರಿಗೆ ತೆಗೆದುಕೊಂಡು ಹೋಗುವುದಿದ್ದರೂ ಆ ಕಾಗದ ಜೊತೆಯಲ್ಲಿರಲಿ.

1972ರ ಪುರಾತನ ವಸ್ತುಗಳ ಕಾಯ್ದೆಯನ್ನೂ ತಿಳಿದಿರಬೇಕು. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಇದರ ಪರಿಣಾಮ ಏನು ಗೊತ್ತಾ? ತುಕ್ಕು ಹಿಡಿದ ಕತ್ತಿಯನ್ನು ಕಡಿಮೆ ಬೆಲೆಗೆ ಕೊಂಡು, ಆಮೇಲೆ ಜಪಾನಿಗೆ ಕಳಿಸಿ ಪಾಲಿಶ್ ಮಾಡಿಸೋಣ ಅನ್ನುವ ಲೆಕ್ಕಾಚಾರ ನಮಗೆ ನಡೆಯುವುದಿಲ್ಲ. ಅಲ್ಲಿ ಪಾಲಿಶ್ ಮಾಡುವವರು, ತೊಗಿಶಿ ಅಂತಾರೆ ಅವರನ್ನು, ವರ್ಷಾನುಗಟ್ಟಲೆ ಗುರುವಿನ ಹತ್ತಿರ ಕಲಿತವರು. ನಮ್ಮೂರಿನ ಸಾಣೆ ಹಿಡಿಯುವವರಿಗೆ ಕೊಡುವ ಕೆಲಸ ಅದಲ್ಲ. ಹಾಗಾಗಿ ಕೊಳ್ಳುವಾಗಲೇ ಒಳ್ಳೆ ಪಾಲಿಶ್ ಇರುವ ಅಲಗನ್ನು ಕೊಳ್ಳಿ.

ಜಪಾನಿನಿಂದ ಹೊರಡುವ ಕತ್ತಿಗೂ ಅಲ್ಲಿನ ಕಾಗದ ಇದೆ. ಪ್ರತಿ ಹಳೆ ಕತ್ತಿಗೂ ಒಂದು ನೋಂದಣಿ ಚೀಟಿ ಇರುತ್ತದೆ. ಹೊರಗೆ ಕಳಿಸುವ ಮೊದಲು ಅಲ್ಲಿನ ಸಂಸ್ಕೃತಿ ಇಲಾಖೆಯಿಂದ ಅನುಮತಿ ಪಡೆಯಬೇಕು. ಪ್ರಾಮಾಣಿಕ ಮಾರಾಟಗಾರ ಇದನ್ನೆಲ್ಲ ತಾನೇ ಮಾಡಿಕೊಡುತ್ತಾನೆ. ಅದೆಲ್ಲ ಬೇಡ, ಸುಮ್ನೆ ಪಾರ್ಸೆಲ್ ಮಾಡಿಬಿಡ್ತೇನೆ ಅನ್ನುವವನನ್ನು ಬಿಟ್ಟುಬಿಡಿ. ದಂತದ ಒರೆ, ದಂತದ ಹಿಡಿ ಇರುವುದನ್ನೂ ಮುಟ್ಟಬೇಡಿ. ಮೇಜಿ ಕಾಲದಲ್ಲಿ ಪ್ರವಾಸಿಗಳಿಗಾಗಿ ಅಂಥವು ತುಂಬ ತಯಾರಾದವು. ಅಲಗು ಹೆಚ್ಚಾಗಿ ಕಳಪೆ, ದಂತದ ವ್ಯಾಪಾರ ನಮ್ಮಲ್ಲಿ ನಿಷೇಧ.

ಕೊಳ್ಳುವ ಮೊದಲು ಕಣ್ಣು ಪಳಗಬೇಕು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ಜಪಾನ್ ವಿಭಾಗದಲ್ಲಿ ಸಮುರಾಯ್ ಕತ್ತಿಗಳಿವೆ, ಹೋಗಿ ನೋಡಿ. ಫೋಟೋದಲ್ಲಿ ಕಾಣದ್ದು ಎಷ್ಟಿದೆ ಅಂತ ಆಗ ತಿಳಿಯುತ್ತದೆ.

ಅಲಗನ್ನು ನೋಡುವ ಕ್ರಮ

ಉದ್ದದಿಂದ ಶುರುಮಾಡಿ. ಜಪಾನಿನ ಅಳತೆ ಶಾಕು, ಒಂದು ಶಾಕು ಸುಮಾರು 30.3 ಸೆಂಟಿಮೀಟರ್. ಒಂದು ಶಾಕುಗಿಂತ ಗಿಡ್ಡ ಇದ್ದರೆ ತಾಂತೋ, ಒಂದರಿಂದ ಎರಡು ಶಾಕು ಇದ್ದರೆ ವಾಕಿಜಾಶಿ, ಎರಡು ದಾಟಿದರೆ ಕತಾನಾ ಅಥವಾ ತಾಚಿ. ಕಾಲದ ಲೆಕ್ಕದಲ್ಲಿ, 1596ಕ್ಕಿಂತ ಹಿಂದಿನದು ಕೋತೋ, ಅಲ್ಲಿಂದ ಹದಿನೆಂಟನೇ ಶತಮಾನದ ಕೊನೆಯ ಹೊತ್ತಿನವರೆಗೆ ಶಿಂತೋ, ಆಮೇಲೆ 1876ರವರೆಗೆ ಶಿನ್‌ಶಿಂತೋ, ಅದರ ನಂತರ ಹಳೆ ಕ್ರಮದಲ್ಲೇ ಮಾಡಿದ್ದು ಗೆಂದಾಯ್ತೋ.

ಇನ್ನು ಮುಖ್ಯ ವಿಷಯ: ಹಿಡಿಯೊಳಗೆ ಹೋಗುವ ಭಾಗ. ಅದಕ್ಕೆ ನಕಾಗೋ ಅಂತಾರೆ, ನಾನು ಬಾಲ ಅಂತಲೇ ಬರೆಯುತ್ತೇನೆ. ಕತ್ತಿ ಮಾಡಿದವನ ಹೆಸರು ಇದ್ದರೆ ಅಲ್ಲೇ ಇರುತ್ತದೆ. ಬಾಲದ ಮೇಲಿನ ತುಕ್ಕನ್ನು ಯಾರೂ ತೆಗೆದಿರುವುದಿಲ್ಲ, ತೆಗೆಯಲೂಬಾರದು. ಅದು ಶತಮಾನಗಳಲ್ಲಿ ತಾನಾಗಿ ಕೂತದ್ದು, ಕಪ್ಪಾಗಿ ಗಟ್ಟಿಯಾಗಿ ನುಣುಪಾಗಿ ಇರುತ್ತದೆ, ಅದನ್ನು ನೋಡಿಯೇ ತಜ್ಞರು ಕಾಲ ಹೇಳುತ್ತಾರೆ. ಅದನ್ನು ಉಜ್ಜಿದರೆ ಕತ್ತಿಯ ಜಾತಕವನ್ನೇ ಹರಿದು ಹಾಕಿದ ಹಾಗೆ. ಬಾಲದಲ್ಲಿ ಹಸಿ ಕೆಂಪು ತುಕ್ಕು ಒಂದೇ ಸಮನೆ ಹರಡಿದ್ದರೆ ಯಾರೋ ಉಪ್ಪುನೀರು ಹಾಕಿ ಹಳೆಯದು ಮಾಡಿರಬಹುದು ಅಂತ ಸಂಶಯ ಪಡಿ.

ಹೆಸರು ಇದೆ ಅಂತ ಖುಷಿಪಡಬೇಡಿ. ಸುಳ್ಳು ಹೆಸರು ಕೆತ್ತುವುದು ಇವತ್ತು ನಿನ್ನೆಯ ರೋಗವಲ್ಲ, ಜಪಾನಿನಲ್ಲೇ ನೂರಾರು ವರ್ಷದಿಂದ ಇದೆ. ಹೆಸರು ದೊಡ್ಡದಾದಷ್ಟೂ ಸಂಶಯ ಜಾಸ್ತಿ ಇರಲಿ. ಮಾಸಾಮುನೆ ಜಪಾನಿನ ತುಂಬ ಹೆಸರಾದ ಕತ್ತಿ ಕಮ್ಮಾರ, ಅವನ ಹೆಸರು ಬರೆದದ್ದು ನಿಮಗೆ ಅಗ್ಗದಲ್ಲಿ ಸಿಕ್ಕಿತು ಅಂದರೆ ಅದು ಮಾಸಾಮುನೆಯದ್ದಲ್ಲ.

ಅಲಗಿನ ಬಾಯಿಯುದ್ದಕ್ಕೂ ಬಿಳಿ ಮಂಜಿನ ಹಾಗೆ ಕಾಣುವ ಗೆರೆ ಹಾಮೋನ್. ಬೆನ್ನಿನ ಕಡೆ ಮಣ್ಣಿನ ಲೇಪ ದಪ್ಪ, ಬಾಯಿ ಕಡೆ ತೆಳು. ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಬೇಗ ತಣಿದು ಗಡುಸಾಗುತ್ತದೆ, ಬೆನ್ನು ಮೆತ್ತಗೆ ಉಳಿಯುತ್ತದೆ. ಆ ಎರಡರ ನಡುವಿನ ಗಡಿಯೇ ಹಾಮೋನ್. ಕೋಣೆಯ ದೀಪ ಆರಿಸಿ, ಒಂದೇ ಬಲ್ಬಿನ ಬೆಳಕಿಗೆ ಅಲಗನ್ನು ಓರೆಯಾಗಿ ಹಿಡಿದು ನೋಡಿ. ನಿಜವಾದ ಹಾಮೋನ್‌ನಲ್ಲಿ ಸಣ್ಣ ಸಣ್ಣ ಹೊಳೆಯುವ ಕಣಗಳು ಕಾಣುತ್ತವೆ, ಅಲಗನ್ನು ಅಲುಗಿಸಿದ ಹಾಗೆ ಅವು ಮಿನುಗುತ್ತವೆ. ಆಸಿಡ್‌ನಿಂದ ಬರೆದ ನಕಲಿಯಲ್ಲಿ ಅದು ಮಂಕಾದ ಬಿಳಿ ಪಟ್ಟಿ, ಒಳಗೆ ಏನೂ ಇಲ್ಲ. ಹಾಮೋನ್‌ನಿಂದ ಮೇಲಿನ ಉಕ್ಕಿನಲ್ಲಿ ಮರದ ನಾರಿನಂಥ ವಿನ್ಯಾಸ ಕಾಣಬೇಕು. ಉಕ್ಕನ್ನು ಮಡಚಿ ಮಡಚಿ ಬಡಿದದ್ದರ ಗುರುತು ಅದು. ತುಂಬ ದಪ್ಪಗೆ, ದೂರದಿಂದಲೇ ಅಲೆ ಅಲೆಯಾಗಿ ಕಂಡರೆ ಇತ್ತೀಚೆಗೆ ಅಲಂಕಾರಕ್ಕೆ ಮಾಡಿದ್ದಿರಬಹುದು.

ಕೆಲವು ದೋಷಗಳನ್ನು ಒಪ್ಪಿಕೊಳ್ಳಬಹುದು. ಸಣ್ಣ ಗುಳ್ಳೆ, ಮಡಿಕೆ ಬಿಟ್ಟ ಗೆರೆ, ಕಾದಾಡಿದಾಗ ಬೆನ್ನಿಗೆ ಬಿದ್ದ ಏಟು. ಒಪ್ಪಿಕೊಳ್ಳಬಾರದ್ದು ಹಾಗಿರೆ, ಅಂದರೆ ಬಾಯಿಯಿಂದ ಒಳಗೆ ಅಡ್ಡಲಾಗಿ ಹೋದ ಕೂದಲೆಳೆಯಷ್ಟು ಸಣ್ಣ ಬಿರುಕು. ಅದಿದ್ದರೆ ಕತ್ತಿ ಮುಗಿಯಿತು ಅಂತಲೇ ಲೆಕ್ಕ. ತುದಿಯಲ್ಲಿ ಹಾಮೋನ್ ಇಲ್ಲದೆ ಹೋದರೂ ಹಾಗೆಯೇ.

ಇಷ್ಟೆಲ್ಲ ಓದಿದ ಮೇಲೂ ಹೊಸಬರು ತಮ್ಮ ಕಣ್ಣನ್ನು ಮಾತ್ರ ನಂಬಬಾರದು. ಟೋಕಿಯೋದಲ್ಲಿ 1948ರಲ್ಲಿ ಶುರುವಾದ ಎನ್‌ಬಿಟಿಎಚ್‌ಕೆ ಅನ್ನುವ ಸಂಸ್ಥೆ ಕತ್ತಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಹೋಜೋನ್, ಅದರ ಮೇಲೆ ತೊಕುಬೆತ್ಸು ಹೋಜೋನ್, ಅದರ ಮೇಲೆ ಜೂಯೋ, ತೊಕುಬೆತ್ಸು ಜೂಯೋ. ನಮಗೆ ಹೋಜೋನ್ ಸಾಕು. ನನ್ನನ್ನು ಕೇಳಿದರೆ, ಮೊದಲ ಅಲಗು ಹೋಜೋನ್ ಪತ್ರ ಇರುವ, ಹೆಸರಿಲ್ಲದ, ಒಳ್ಳೆ ಪಾಲಿಶ್‌ನ ವಾಕಿಜಾಶಿ ಆಗಿರಲಿ. ಎದೋ ಕಾಲದಲ್ಲಿ (1603ರಿಂದ 1868ರವರೆಗೆ) ವ್ಯಾಪಾರಿಗಳೂ ಗಿಡ್ಡ ಕತ್ತಿ ಇಟ್ಟುಕೊಳ್ಳಬಹುದಿತ್ತು, ಹಾಗಾಗಿ ಅವು ಜಾಸ್ತಿ ಉಳಿದಿವೆ, ಬೆಲೆಯೂ ಕಡಿಮೆ. ಪತ್ರ ಇಲ್ಲದ, ಹೆಸರಿರುವ ಉದ್ದ ಕತಾನಾಕ್ಕಿಂತ ಇದು ಎಷ್ಟೋ ಮೇಲು.

ಬರ್ಮಾದಿಂದ ಅಜ್ಜ ತಂದ ಕತ್ತಿ

ನಮ್ಮ ಕಡೆಯಿಂದಲೂ ಪಕ್ಕದ ಕೊಡಗಿನಿಂದಲೂ ಎರಡನೇ ಮಹಾಯುದ್ಧಕ್ಕೆ ಹೋದವರಿದ್ದಾರೆ. 1945ರಲ್ಲಿ ಜಪಾನ್ ಶರಣಾದಾಗ ಬರ್ಮಾ, ಮಲಯಾ, ಸಿಂಗಾಪುರಗಳಲ್ಲಿ ಜಪಾನಿ ಅಧಿಕಾರಿಗಳು ಕತ್ತಿ ಒಪ್ಪಿಸಿದರು, ಕೆಲವು ಹೀಗೆ ಮನೆಗಳಿಗೆ ಬಂದವು. ಅಂಥದ್ದು ನಿಮ್ಮ ಮನೆಯ ಪೆಟ್ಟಿಗೆಯಲ್ಲಿದ್ದರೆ ಮೊದಲು ಕಾಯ್ದೆಯ ವಿಷಯ ಸರಿಮಾಡಿಕೊಳ್ಳಿ, ಆಮೇಲೆ ನಿಧಾನವಾಗಿ ನೋಡಿ.

ಹಿಡಿ ಲೋಹದ್ದಾಗಿದ್ದು, ನೂಲು ಸುತ್ತಿದ ಹಾಗೆ ಅಚ್ಚು ಹಾಕಿ ಬಣ್ಣ ಬಳಿದಿದ್ದರೆ, ಅಲಗಿನ ಬುಡದಲ್ಲಿ ನಂಬರ್ ಒತ್ತಿದ್ದರೆ ಅದು ಕೆಳ ದರ್ಜೆಯವರಿಗೆ ಯಂತ್ರದಲ್ಲಿ ಮಾಡಿದ ಟೈಪ್ 95. ಅಧಿಕಾರಿಗಳ ಕತ್ತಿಯಲ್ಲಿ ಹಿಡಿ ಮರದ್ದು, ಮೇಲೆ ಮೀನಿನ ಚರ್ಮ, ಅದರ ಮೇಲೆ ನೂಲು. ಅದರ ಬಾಲದ ಮೇಲೆ ಸಣ್ಣ ಮುದ್ರೆ ಒತ್ತಿದ್ದರೆ ಹೆಚ್ಚಾಗಿ ಯುದ್ಧಕಾಲದಲ್ಲಿ ಕಾರ್ಖಾನೆ ಉಕ್ಕಿನಿಂದ ಮಾಡಿದ್ದು. ಆದರೆ ನಕ್ಷತ್ರದ ಮುದ್ರೆ ಇದ್ದರೆ ಹಳೆ ಕ್ರಮದಲ್ಲಿ ಮಾಡಿದ್ದು. ಸೈನ್ಯದ ಒರೆಯೊಳಗೆ ಮನೆತನದ ನಾನೂರು ವರ್ಷದ ಅಲಗು ಕೂತಿರುವುದೂ ಇದೆ, ಅದಕ್ಕೇ ಬಾಲ ನೋಡದೆ ತೀರ್ಮಾನ ಮಾಡಬಾರದು. ಹಿಡಿಗೆ ಮರದ ಚೀಟಿಯೋ ಬಟ್ಟೆ ಚೂರೋ ಕಟ್ಟಿದ್ದರೆ ಬಿಚ್ಚಬೇಡಿ, ಬಿಸಾಡಬೇಡಿ. ಒಪ್ಪಿಸಿದವನ ಹೆಸರು ಅದರಲ್ಲಿರಬಹುದು. ಅಜ್ಜನ ಸೈನ್ಯದ ಕಾಗದಪತ್ರ, ಫೋಟೋ ಇದ್ದರೆ ಕತ್ತಿಯ ಜೊತೆಗೇ ಇಡಿ. ಕಾರ್ಖಾನೆಯ ಕತ್ತಿಯಾದರೂ ಆ ಕಾಗದಗಳಿಂದ ಅದಕ್ಕೆ ಚರಿತ್ರೆ ಸಿಗುತ್ತದೆ.

ಅಲಗಿನ ಆರೈಕೆ, ನಮ್ಮ ಹವೆಗೆ

ಕತ್ತಿಯನ್ನು ಒರೆಯಿಂದ ತೆಗೆಯುವಾಗ ಬಾಯಿ ಮೇಲಕ್ಕಿರಲಿ. ಎಡಗೈಯಲ್ಲಿ ಒರೆ, ಬಲಗೈಯಲ್ಲಿ ಹಿಡಿ. ಮೊದಲು ಸ್ವಲ್ಪ ಸಡಿಲಿಸಿ, ಆಮೇಲೆ ಬೆನ್ನಿನ ಮೇಲೆ ಜಾರಿಸುತ್ತಾ ನಿಧಾನವಾಗಿ ಎಳೆಯಿರಿ. ಬಾಯಿ ಒರೆಗೆ ತಾಗಬಾರದು. ಮಳೆಗಾಲದಲ್ಲಿ ಒರೆಯ ಮರ ಉಬ್ಬಿ ಕತ್ತಿ ಸಿಕ್ಕಿಕೊಳ್ಳುವುದುಂಟು, ಆಗ ಬಲ ಹಾಕಿ ಎಳೆದರೆ ಕೈಯೂ ಹೋಗುತ್ತದೆ, ಒರೆಯೂ ಹೋಗುತ್ತದೆ. ಒಣ ದಿನ ಬರುವವರೆಗೆ ಕಾಯಿರಿ. ಅಲಗನ್ನು ಬೆರಳಿಂದ ಮುಟ್ಟಬೇಡಿ, ಬೆವರು ಬಿದ್ದ ಜಾಗದಲ್ಲಿ ತುಕ್ಕು ಬೆರಳಚ್ಚಿನ ಆಕಾರದಲ್ಲೇ ಬರುತ್ತದೆ. ಅಲಗಿನ ಮೇಲೆ ಬಾಗಿ ಮಾತಾಡಲೂಬೇಡಿ. ಜೊಲ್ಲಿನ ಒಂದು ಹನಿ ಸಾಕು.

ಹಿಡಿ ಬಿಚ್ಚಬೇಕಾದರೆ ಅದರಲ್ಲಿರುವ ಬಿದಿರಿನ ಆಣಿಯನ್ನು ಸಣ್ಣ ಹಿತ್ತಾಳೆ ಸುತ್ತಿಗೆಯಿಂದ ತಳ್ಳಿ ತೆಗೆಯಿರಿ. ಕತ್ತಿಯನ್ನು ನೇರ ನಿಲ್ಲಿಸಿ, ಎಡಗೈಯಲ್ಲಿ ಹಿಡಿಯ ತುದಿ ಹಿಡಿದು, ಎಡ ಮುಷ್ಟಿಯ ಮೇಲೆ ಬಲ ಮುಷ್ಟಿಯಿಂದ ಮೆಲ್ಲಗೆ ಗುದ್ದಿ, ಅಲಗು ಸಡಿಲವಾಗುತ್ತದೆ. ತಾಂತೋ ಆದರೆ ಇನ್ನೂ ಮೆಲ್ಲಗೆ, ಹಗುರ ಇರುವುದರಿಂದ ಹಾರಿಬಿಡುತ್ತದೆ. ಆಣಿ ಸವೆದಿದ್ದರೆ ಒಣಗಿದ ಹಳೆ ಬಿದಿರಿನಿಂದ ಹೊಸದು ಮಾಡಿಸಿ. ಕಬ್ಬಿಣದ ಮೊಳೆ ಹಾಕಬೇಡಿ.

ಹಳೆ ಎಣ್ಣೆ ತೆಗೆಯಲು ಮೆತ್ತನೆಯ ಸುವಾಸನೆ ಇಲ್ಲದ ಟಿಶ್ಯೂ ಕಾಗದ, ಬೇಕಾದರೆ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್. ಬೆನ್ನಿನ ಕಡೆಯಿಂದ ಹಿಡಿದು, ಬುಡದಿಂದ ತುದಿಗೆ ಒರೆಸಿ. ಕೈ ಹಿಂದೆ ಮುಂದೆ ಆಡಿಸಬೇಡಿ. ಉಚಿಕೋ ಅಂತ ರೇಷ್ಮೆ ಉಂಡೆಯಲ್ಲಿ ಕಟ್ಟಿದ ಕಲ್ಲಿನ ಪುಡಿ ಸಿಗುತ್ತದೆ, ಅದನ್ನು ತಟ್ಟಿ ಒರೆಸುವುದು ಹಳೆ ಪದ್ಧತಿ. ಪದೇ ಪದೇ ಮಾಡಿದರೆ ಪಾಲಿಶ್ ಸವೆಯುತ್ತದೆ, ಅಗ್ಗದ ಉಚಿಕೋ ಅಂತೂ ಗೀರು ಹಾಕುತ್ತದೆ. ನನ್ನ ಅಭಿಪ್ರಾಯದಲ್ಲಿ ಹೊಸಬರಿಗೆ ಅದು ಬೇಡವೇ ಬೇಡ.

ಆಮೇಲೆ ಎಣ್ಣೆ. ಲವಂಗದ ವಾಸನೆಯ ಚೋಜಿ ಎಣ್ಣೆ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಮೆಡಿಕಲ್ ಶಾಪಿನ ಶುದ್ಧ ಲಿಕ್ವಿಡ್ ಪ್ಯಾರಾಫಿನ್ ಕೂಡ ಆಗುತ್ತದೆ. ತೆಂಗಿನೆಣ್ಣೆ ಖಂಡಿತ ಬೇಡ. ಮನೆಯಲ್ಲಿ ಎಲ್ಲದಕ್ಕೂ ಅದನ್ನೇ ಬಳಸುವ ನಮಗೆ ಕೈ ಅದಕ್ಕೇ ಹೋಗುತ್ತದೆ, ಆದರೆ ಅದು ಕಮಟುತ್ತದೆ, ಅಂಟಾಗುತ್ತದೆ, ಒರೆಯೊಳಗೆ ಹೋಗಿ ಕೂರುತ್ತದೆ. ಎಣ್ಣೆ ಹಚ್ಚಿದ್ದು ಕಣ್ಣಿಗೆ ಕಾಣಬಾರದಷ್ಟು ತೆಳುವಾಗಿರಲಿ. ಜಾಸ್ತಿಯಾದರೆ ಒರೆ ಹೀರಿಕೊಂಡು ಧೂಳು ಹಿಡಿಯುತ್ತದೆ. ಒಣ ಊರಿನಲ್ಲಿ ಆರು ತಿಂಗಳಿಗೊಮ್ಮೆ ಮಾಡಿದರೆ ಸಾಕು ಅಂತಾರೆ. ಇಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆಯಾದರೂ ತೆಗೆದು ನೋಡಲೇಬೇಕು, ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ.

ಇಡುವ ಜಾಗ: ಹೊರಗಿನ ಗೋಡೆಗೆ ತಾಗಿದ ಕಪಾಟು ಬೇಡ, ಅಡುಗೆಮನೆಯ ಅಟ್ಟ ಬೇಡ, ಕಡಲಿನ ಕಡೆ ಕಿಟಕಿಯಿರುವ ಕೋಣೆ ಬೇಡ. ನಡುಮನೆಯ ಒಳಗಿನ ಕಪಾಟು, ಬೀಗ ಹಾಕುವಂಥದ್ದು, ನೆಲದಿಂದ ಎತ್ತರಕ್ಕೆ. ಒಂದು ಸಣ್ಣ ಡಿಜಿಟಲ್ ತೇವಮಾಪಕ ತಂದು ಒಳಗಿಡಿ, ಅದಕ್ಕೆ ದೊಡ್ಡ ಖರ್ಚಿಲ್ಲ. ಐವತ್ತರಿಂದ ಅರವತ್ತು ಶೇಕಡಾ ಒಳಗೆ ಇದ್ದರೆ ಒಳ್ಳೆಯದು. ಸಿಲಿಕಾ ಜೆಲ್ ತುಂಬಿ ತೀರಾ ಒಣಗಿಸಿದರೆ ಒರೆಯ ಮರ ಬಿರಿಯುತ್ತದೆ, ಅದೂ ತಪ್ಪು. ಕತ್ತಿಯನ್ನು ಮಲಗಿಸಿಯೇ ಇಡಿ, ಬಾಯಿ ಮೇಲಕ್ಕೆ. ಬಹಳ ಕಾಲ ಇಡುವುದಾದರೆ ಅಲಂಕಾರದ ಒರೆಗಿಂತ ಶಿರಾಸಾಯಾ ಅನ್ನುವ ಬಣ್ಣ ಬಳಿಯದ ಮರದ ಒರೆ ಉತ್ತಮ. ಚರ್ಮದ ಚೀಲದಲ್ಲಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿಡಬೇಡಿ.

ತುಕ್ಕಿನ ಚುಕ್ಕೆ ಕಂಡರೆ? ಎಣ್ಣೆ ಹಚ್ಚಿ, ಫೋಟೋ ತೆಗೆದು, ತಾರೀಕು ಬರೆದಿಡಿ. ಮುಂದಿನ ಸಲ ನೋಡುವಾಗ ಅದು ಬೆಳೆದಿದೆಯೋ ಇಲ್ಲವೋ ತಿಳಿಯುತ್ತದೆ. ಬೆಳೆಯದಿದ್ದರೆ ಹಾಗೇ ಬಿಡಿ.

ಕವಚ

ಕವಚ ಕತ್ತಿಗಿಂತ ಕಷ್ಟ. ಅದರಲ್ಲಿ ಕಬ್ಬಿಣ, ಮರದ ರಸದಿಂದ ಮಾಡಿದ ಗಟ್ಟಿ ಲೇಪ, ರೇಷ್ಮೆ ದಾರ, ಜಿಂಕೆ ಚರ್ಮ, ಮರ ಎಲ್ಲ ಒಟ್ಟಿಗೆ ಇರುತ್ತವೆ. ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ಕೆಟ್ಟದು. ಪೂರ್ತಿ ಕವಚ ಕೊಳ್ಳುವ ಬದಲು ಒಂದು ಕಬುತೋ, ಅಂದರೆ ಶಿರಸ್ತ್ರಾಣ, ಅಥವಾ ಮುಖವಾಡದ ಮೆಂಪೋ ಕೊಳ್ಳಿ. ಮಾರುಕಟ್ಟೆಯಲ್ಲಿ ಸಿಗುವ ಪೂರ್ತಿ ಕವಚಗಳಲ್ಲಿ ಎಷ್ಟೋ ಬೇರೆ ಬೇರೆ ಕಡೆಯ ಭಾಗ ಜೋಡಿಸಿದವು. ದಾರದ ಬಣ್ಣ, ಲೇಪದ ಬಣ್ಣ, ಮನೆತನದ ಲಾಂಛನ ತಲೆಯಿಂದ ಕಾಲಿನವರೆಗೆ ಒಂದೇ ಇದೆಯಾ ನೋಡಿ. ಹೆಚ್ಚಿನವು ಎದೋ ಕಾಲದವು, ಯುದ್ಧ ಕಂಡವಲ್ಲ. 1543ರಲ್ಲಿ ತಾನೆಗಾಶಿಮಾ ದ್ವೀಪಕ್ಕೆ ಪೋರ್ಚುಗೀಸರ ಕೋವಿ ಬಂದಮೇಲೆ ಸಣ್ಣ ಪಟ್ಟಿಗಳ ಬದಲು ದೊಡ್ಡ ಕಬ್ಬಿಣದ ಹಲಗೆಗಳ ಕವಚ ಬಳಕೆಗೆ ಬಂತು, ನಿಮಗೆ ಸಿಗುವುದು ಬಹುಶಃ ಆ ಬಗೆಯದು.

ಲೇಪದ ಮೇಲೆ ಒದ್ದೆ ಬಟ್ಟೆ, ಸ್ಪಿರಿಟ್, ಫರ್ನಿಚರ್ ಪಾಲಿಶ್ ಯಾವುದೂ ಬೇಡ. ಬೆಳಕಿಗೆ ಸೊರಗಿದ ಹಳೆ ಲೇಪ ನೀರು ತಾಗಿದರೂ ಮಂಕಾಗುತ್ತದೆ. ಮೇಕಪ್ ಬ್ರಶ್‌ನಂಥ ಮೆತ್ತನೆ ಕುಂಚದಿಂದ ಧೂಳು ತೆಗೆಯಿರಿ, ಅಷ್ಟೇ. ಹತ್ತಿ ಕೈಗವಸಿನ ಎಳೆ ದಾರಕ್ಕೆ ಸಿಕ್ಕಿಕೊಳ್ಳುತ್ತದೆ, ಆಸ್ಪತ್ರೆಯಲ್ಲಿ ಬಳಸುವ ನೈಟ್ರೈಲ್ ಗ್ಲೌಸ್ ಹಾಕಿ. ಎತ್ತುವಾಗ ದಾರ ಹಿಡಿದು ಎತ್ತಬೇಡಿ, ಕೆಳಗಿನಿಂದ ಎರಡೂ ಕೈ ಕೊಟ್ಟು ಎತ್ತಿ. ಕಪ್ಪು ರೇಷ್ಮೆ ದಾರ ಎಲ್ಲಕ್ಕಿಂತ ಬೇಗ ಪುಡಿಯಾಗುತ್ತದೆ, ಬಣ್ಣ ಹಾಕಲು ಬಳಸಿದ ಕಬ್ಬಿಣದ ಅಂಶವೇ ಅದನ್ನು ತಿನ್ನುತ್ತದೆ. ತುಂಡಾದ ದಾರವನ್ನು ಬಿಸಾಡದೆ ಒಂದು ಲಕೋಟೆಯಲ್ಲಿ ಇಟ್ಟುಕೊಳ್ಳಿ.

ಮಳೆಗಾಲ ಮುಗಿದ ಕೂಡಲೇ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಅಂಗಳಕ್ಕೆ ತಂದು ಬಿಸಿಲಿಗೆ ಹಾಕುವುದು ನಮ್ಮ ಅಭ್ಯಾಸ ಅಲ್ವಾ. ಕವಚವನ್ನು ಹಾಗೆ ಹಾಕಬೇಡಿ. ಜಪಾನಿನಲ್ಲೂ ವರ್ಷಕ್ಕೊಮ್ಮೆ ಗಾಳಿಗೆ ಹಾಕುವ ಪದ್ಧತಿ ಇದೆ, ಮುಶಿಬೋಶಿ ಅಂತ, ಆದರೆ ನೆರಳಿನಲ್ಲಿ. ನಮಗೆ ಡಿಸೆಂಬರ್, ಜನವರಿ ಒಳ್ಳೆ ಹೊತ್ತು. ಗಾಳಿಯಾಡುವ ಚಾವಡಿಯಲ್ಲಿ, ನೇರ ಬಿಸಿಲು ಬೀಳದ ಕಡೆ, ಮಧ್ಯಾಹ್ನದ ಕೆಲವು ಗಂಟೆ ಸಾಕು. ಚರ್ಮದ ಮೇಲೆ ಬೂಷ್ಟು ಬಂದಿದ್ದರೆ ಆಗಲೇ ಒಣ ಕುಂಚದಿಂದ ಹೊರಗೆ ತಳ್ಳಿ, ಮೂಗಿಗೆ ಮಾಸ್ಕ್ ಇರಲಿ. ನುಸಿಗುಳಿಗೆಯನ್ನು ಲೇಪಕ್ಕೆ ತಾಗುವಂತೆ ಇಡಬೇಡಿ, ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡಿ, ಕರ್ಪೂರದ ಜೊತೆ ಬೆರೆಸಬೇಡಿ. ಪೆಟ್ಟಿಗೆಯ ಕಾಲಿಗೆ ಒರಲೆ ಹತ್ತಿದೆಯಾ ಅಂತ ವಾರಕ್ಕೊಮ್ಮೆ ಕೈಯಿಟ್ಟು ನೋಡಿ.

ಲೇಪ ಸಿಪ್ಪೆ ಏಳುತ್ತಿದ್ದರೆ, ಹಲಗೆ ಕಳಚಿ ಬೀಳುತ್ತಿದ್ದರೆ ಫೆವಿಕಾಲ್ ಹಾಕಿ ಅಂಟಿಸಬೇಡಿ. ಬಿದ್ದ ಚೂರುಗಳನ್ನು ಎತ್ತಿಟ್ಟು, ಯಾವುದು ಎಲ್ಲಿಯದು ಅಂತ ಬರೆದು, ಹಗಲು ಬೆಳಕಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಅನ್ನುವ, ಹಳೆ ಕಟ್ಟಡ, ಕಲಾವಸ್ತು ಉಳಿಸುವ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ. ಆ ಫೋಟೋಗಳನ್ನು ಮೊದಲು ಅವರಿಗೆ ಕಳಿಸಿ, ವಸ್ತುವನ್ನು ತರಬೇಕಾ, ತರುವುದಾದರೆ ಹೇಗೆ ಕಟ್ಟಬೇಕು ಅಂತ ಕೇಳಿ.